ಸೊನ್ನೆಯ ಕುರ್ಚಿ

ಧಾರವಾಡದ ಯಾವ ಸಭೆಗೆ ಬೇಕಾದರೂ ಹೋಗಿ ನೋಡಿ, ಮುಂದಿನ ಸಾಲಿನ ಮೊದಲ ಕುರ್ಚಿ ಖಾಲಿ ಇರುತ್ತದೆ. ಭವನ ಕಿಕ್ಕಿರಿದು ತುಂಬಿರಲಿ, ಹಿಂದೆ ಮಂದಿ ಗೋಡೆಗೆ ಆತುಕೊಂಡು ನಿಂತಿರಲಿ, ಆ ಒಂದು ಕುರ್ಚಿಗೆ ಮಾತ್ರ ಮನುಷ್ಯಸ್ಪರ್ಶದ ಯೋಗವಿಲ್ಲ. ಸಂಘಟಕರು "ಮುಂದ ಬರ್ರಿ, ಮುಂದ ಬರ್ರಿ" ಎಂದು ಎಷ್ಟು ಅಂಗಲಾಚಿದರೂ, ಕರೆಸಿಕೊಂಡವರು "ಇರ್ಲಿ ತಗೋರಿ, ಇಲ್ಲೇ ಆರಾಮ ಅದೀವಿ" ಎಂದು ಕೈಮುಗಿದು ಎರಡನೆಯದರಲ್ಲಿ ಕೂತು, ಮೊದಲನೆಯದರ ಮೇಲೆ ತಮ್ಮ ಛತ್ರಿಯನ್ನು ಪ್ರತಿಷ್ಠಾಪಿಸುತ್ತಾರೆ. ಇದಕ್ಕೆ ನಮ್ಮೂರಲ್ಲಿ ವಿನಯ ಎನ್ನುತ್ತೇವೆ. ಈ ವಿನಯವನ್ನು ನಾನೊಮ್ಮೆ ಕಂಪ್ಯೂಟರಿಗೂ ಕಲಿಸಲು ಹೋಗಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತದ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ 'ಬಾಯಾರು'. ನಮ್ಮ ಶಾಲೆಗೆ ಕಂಪ್ಯೂಟರುಗಳು ಬಂದವು, ಅವುಗಳ ಹಿಂದೆಯೇ ಏಸಿಯೂ ಬಂತು. ಯಂತ್ರಗಳಿಗೆ ಸೆಕೆಯಾಗಬಾರದಂತೆ! ತಗಡಿನ ಮಾಡಿನ ಕೆಳಗೆ ಏಪ್ರಿಲ್ ಬಿಸಿಲಿನಲ್ಲಿ ವಿಭಕ್ತಿಪ್ರತ್ಯಯಗಳ ಜೊತೆಗೆ ಬೇಯುತ್ತಿದ್ದ ನನಗಿಲ್ಲದ ಸುಕುಮಾರತೆ ಆ ಡಬ್ಬಿಗಳಿಗೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ಅಲ್ಲಿ ಹಿಮಾಲಯ. ಹೆಡ್‌ಮಾಸ್ತರರು ಸಾರಿದರು: ಕೋಣೆಯ ಉದ್ಘಾಟನೆಯ ದಿನ ಅತಿಥಿಗಳ ಹೆಸರು ತೆರೆಯ ಮೇಲೆ ಮೂಡಿಸುವ ಪ್ರೋಗ್ರಾಮನ್ನು ಯಾವ ಶಿಕ್ಷಕರು ಬರೆದು ತೋರಿಸುತ್ತಾರೋ, ಕೋಣೆಯ ಕೀಲಿಕೈ ಅವರಿಗೆ. ಯಾರಿಗೂ ಆಗದಿದ್ದರೆ ಡ್ರಿಲ್ ಮಾಸ್ತರರಾದ ಹಂಚಿನಮನಿಯವರಿಗೆ, ಏಕೆಂದರೆ ಚೆಂಡು, ಬ್ಯಾಟು, ಸೀಟಿಗಳ ಕಪಾಟಿನ ಕೀಲಿಕೈ ಮೊದಲೇ ಅವರ ಸೊಂಟದಲ್ಲಿತ್ತು. ವಿದ್ಯಾದಾಹವೆಂದು ನಾನು ಮನೆಯಲ್ಲಿ ಹೇಳಿದೆನಾದರೂ, ಓದುಗರೇ, ನಿಮ್ಮ ಮುಂದೆ ಮುಚ್ಚುಮರೆ ಏಕೆ, ನನಗೆ ಬೇಕಾದದ್ದು ಆ ತಂಪು.

ಸಂಜೆಯ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರಿನ ಸಿ ಭಾಷೆಯ ಕ್ಲಾಸಿಗೆ ಸೇರಿದೆ. ಕಲಿಸಲು ಬಂದವಳನ್ನು ನೋಡಿ ಹಿಂದಿನ ಬೆಂಚಿಗೆ ಜಾರಿದೆ. ಸುಜಾತಾ! ಶಬ್ದರೂಪ ತಪ್ಪಿದ್ದಕ್ಕೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಅದೇ ಸುಜಾತಾ. ಹುಡುಗಿ ಸೇಡು ತೀರಿಸಿಕೊಳ್ಳಲಿಲ್ಲ, "ಬಾಯಾರ, ನಿಮಗ ತಿಳೀತರಿ?" ಎಂದು ಅತ್ಯಂತ ಮೃದುವಾಗಿ ಮತ್ತೆ ಮತ್ತೆ ಕೇಳಿದಳು, ಅದೇ ಸಾಕಾಗಿತ್ತು. ಒಂದೇ ಜಾತಿಯ ಸಂಗತಿಗಳನ್ನು ಊಟದ ಪಂಕ್ತಿಯಂತೆ ಸಾಲಾಗಿ ಕೂಡ್ರಿಸುವ ವ್ಯವಸ್ಥೆಗೆ ಅರೇ ಎನ್ನುತ್ತಾರೆಂದೂ, ಅದರಲ್ಲಿ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರುವಾಗುತ್ತದೆಂದೂ ಹೇಳಿದಳು. ಜಗತ್ತಿಗೆ ಶೂನ್ಯವನ್ನು ದಯಪಾಲಿಸಿದವರು ನಾವೇ ಎಂದು ಪ್ರತಿ ವರ್ಷ ಶಾಲೆಯ ಗ್ಯಾದರಿಂಗಿನ ವೇದಿಕೆಯಲ್ಲಿ ಗಂಟಲು ಹರಿಯುವಂತೆ ಭಾಷಣ ಬಿಗಿಯುತ್ತಿದ್ದ ನಾನು, ಇಷ್ಟು ಸಣ್ಣ ವಿಷಯವನ್ನು ಬರೆದುಕೊಳ್ಳುವುದೇ ಎಂದು ಪೆನ್ನಿನ ಟೊಪ್ಪಿಗೆ ಕೂಡ ತೆಗೆಯಲಿಲ್ಲ.

ಉದ್ಘಾಟನೆಯ ದಿನ ವೇದಿಕೆಯ ಮೇಲೆ ಕೂಡಬೇಕಾದವರು ಐವರು: ಸಂಸ್ಥೆಯ ಅಧ್ಯಕ್ಷರು, ಮುಖ್ಯ ಅತಿಥಿಗಳು, ಕಂಪ್ಯೂಟರ್ ಕೊಡಿಸಿದ ಡಾಕ್ಟರು, ನಿವೃತ್ತ ಹೆಡ್‌ಮಾಸ್ತರರು, ಕೊನೆಗೆ ವಂದನಾರ್ಪಣೆಯ ಹಂಚಿನಮನಿ. ನಾನು ಅರೇಯಲ್ಲಿ ಐದೇ ಸ್ಥಾನ ಕೇಳಿ ಹೆಸರು ತುಂಬಿದೆ. ತುಂಬುವಾಗ ಕೈ ತಾನಾಗಿಯೇ ಸೊನ್ನೆಯನ್ನು ಬಿಟ್ಟು ಒಂದಕ್ಕೆ ಹೋಯಿತು. ಸೊನ್ನೆ ಎಂದರೆ ಎಲ್ಲಕ್ಕೂ ಮುಂದಿನ ಜಾಗ, ಬಂದ ಕೂಡಲೇ ಯಾರನ್ನಾದರೂ ಅಲ್ಲಿ ಕೂಡ್ರಿಸುವುದುಂಟೇ? ಹೆಸರುಗಳನ್ನು ತೋರಿಸುವ ಭಾಗವನ್ನು ಮಾತ್ರ ಸುಜಾತಾಳ ಪಾಠದಿಂದ ಇದ್ದದ್ದು ಇದ್ದ ಹಾಗೆಯೇ ಎತ್ತಿಕೊಂಡೆ. ಅದು ಸೊನ್ನೆಯಿಂದಲೇ ಶುರುವಾಗುತ್ತಿತ್ತು.

ಶಾಲೆಯ ಕೋಣೆಯಲ್ಲಿ ಪ್ರೋಗ್ರಾಮು ಓಡಿಸಿದೆ. 'ಸುಸ್ವಾಗತ' ಎಂದು ಶಿರೋನಾಮೆ ಬರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಠಾಕುಠೀಕಾಗಿ 'ಹಂಚಿನಮನಿ' ಎಂದು ಬಂತು. ಅದರ ಕೆಳಗೆ, ಮೊಟ್ಟಮೊದಲ ಅತಿಥಿಯ ಸ್ಥಾನದಲ್ಲಿ, ಒಂದು ನಗುವ ಮೋರೆ, ಇಸ್ಪೀಟಿನ ಎಲೆಯ ಮೇಲಿರುವಂಥ ಒಂದು ಹೃದಯ, ಮತ್ತೊಂದಿಷ್ಟು ಕೋಡುಬಾಲದ ಚಿಹ್ನೆಗಳು. ಅಧ್ಯಕ್ಷರು ಕಣ್ಣು ಮಿಟುಕಿಸಿದಂತಾಗಿ ನಾನು ಬೆವತೆ, ಅದೂ ಏಸಿಯಲ್ಲಿ! ಕರೆಂಟನ್ನು ಬೈದೆ, ಕೀಲಿಮಣೆ ಒರೆಸಿದೆ, ಹಂಚಿನಮನಿಯವರ ಹೆಸರಿನ ಅಕ್ಷರ ತಿದ್ದಿದೆ, ಅವರು ತಿದ್ದುಪಡಿಯೊಡನೆ ಮತ್ತೆ ತಲೆಯ ಮೇಲೆಯೇ ಮೂಡಿದರು. ಡ್ರಿಲ್ ಮಾಸ್ತರರು ಹೇಗೋ ಒಳಗೆ ಹೊಕ್ಕು ಕೀಲಿಕೈಗಾಗಿ ಮಸಲತ್ತು ನಡೆಸಿದ್ದಾರೆ ಎಂಬ ಗುಮಾನಿ ಬಂದಾಗ, ನನ್ನ ತಲೆ ನೆಟ್ಟಗಿಲ್ಲವೆಂದು ನನಗೇ ಅನ್ನಿಸಿ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಸುಜಾತಾ ನನ್ನ ಪ್ರೋಗ್ರಾಮು ನೋಡಿದಳು, ತುಟಿ ಕಚ್ಚಿ ನಗು ತಡೆದಳು. "ಬಾಯಾರ, ಮೊದಲನೇ ಕುರ್ಚಿ ಯಾರಿಗಂತ ಖಾಲಿ ಬಿಟ್ರಿ? ನೀವು ಬಿಟ್ಟ ಜಾಗಾದಾಗ ಹಳೇ ಕಸ ಹಂಗ ಕೂತದ. ಕಡೀಕ ಹಂಚಿನಮನಿ ಸರ್‌ಗೆ ಕುರ್ಚಿನ ಇಲ್ಲ, ಪಾಪ, ಅವರು ಬಾಜೂ ಮನಿ ಹೊಕ್ಕಾರ. ಅಲ್ಲಿ ನಿಮ್ಮ ಸುಸ್ವಾಗತ ಇತ್ತು."

"ಜಾಗಾ ಇಲ್ಲಂತ ಮಷೀನು ಹೇಳಬಾರದೇನ?" ಎಂದೆ.

"ಸಿ ಭಾಷಾದಾಗ ಹೇಳೂದಿಲ್ರಿ. ಸುಮ್ಮ ಸಹಿಸಿಕೊಂತದ."

ನಮ್ಮೂರಿನದೇ ಭಾಷೆ ಇದ್ದಹಾಗಿದೆಯಲ್ಲ ಎಂದು ಮೊದಲ ಬಾರಿಗೆ ಅದರ ಮೇಲೆ ಅಕ್ಕರೆ ಹುಟ್ಟಿತು. ಅಧ್ಯಕ್ಷರನ್ನು ಸೊನ್ನೆಯಲ್ಲಿ ಕೂಡ್ರಿಸಿದೆ, ಉಳಿದವರೆಲ್ಲ ಒಂದೊಂದು ಜಾಗ ಮುಂದೆ ಬಂದರು. ತೆರೆಯ ಮೇಲೆ ಸುಸ್ವಾಗತ ಮರಳಿ ಬಂತು.

ಉದ್ಘಾಟನೆಯ ದಿನ ವೇದಿಕೆಯ ಮೇಲೆ ಐದು ಕುರ್ಚಿ, ಪಕ್ಕದಲ್ಲಿ ನನ್ನ ಕಂಪ್ಯೂಟರು. ಒಬ್ಬ ಹುಡುಗಿ ತೆರೆ ನೋಡಿ ಹೆಸರು ಓದಬೇಕು, ಇನ್ನೊಬ್ಬಳು ಮೊದಲ ಕುರ್ಚಿಯಿಂದ ಸಾಲಾಗಿ ಹಾರ ಹಾಕುತ್ತ ಹೋಗಬೇಕು. ಅತಿಥಿಗಳು ಬಂದರು. ಇನ್ನು ನಡೆದದ್ದನ್ನು ನೀವು ಊಹಿಸಿಯೇ ಇರುತ್ತೀರಿ. ಅಧ್ಯಕ್ಷರು "ನೀವ ಬರ್ರಿ" ಎಂದರು, ಮುಖ್ಯ ಅತಿಥಿಗಳು "ಛೇ ಛೇ, ನೀವಿರೂವಾಗ?" ಎಂದರು, ಡಾಕ್ಟರು ಹಿಂದಕ್ಕೆ ಸರಿದರು, ಕಡೆಗೆ ಎಲ್ಲರೂ ಎರಡನೆಯ ಕುರ್ಚಿಯಿಂದ ಕೂತರು. "ಅಧ್ಯಕ್ಷರಿಗೆ ಸ್ವಾಗತ" ಎಂದಳು ಒಬ್ಬಳು. ಇನ್ನೊಬ್ಬಳು ಶಿಸ್ತಾಗಿ ಖಾಲಿ ಕುರ್ಚಿಯ ಬೆನ್ನಿಗೆ ಚೆಂಡುಹೂವಿನ ಹಾರ ಹಾಕಿ ನಮಸ್ಕರಿಸಿದಳು. "ಮುಖ್ಯ ಅತಿಥಿಗಳಿಗೆ" ಎಂದಾಗ ಹಾರ ಅಧ್ಯಕ್ಷರ ಕೊರಳಿಗೆ ಬಿತ್ತು. ಸಭೆ ಕಿಸಕ್ಕೆಂದಿತು.

ಹೆಡ್‌ಮಾಸ್ತರರು ನನ್ನ ಕಡೆ ತಿರುಗಿ, "ಬಾಯಾರ, ನಿಮ್ಮ ಮಷೀನು ತಪ್ಪತಲ್ಲರಿ!" ಎಂದು ಗದರಿದರು. ಅವರ ಜೇಬಿನಲ್ಲಿದ್ದ ಕೀಲಿಕೈ ನನ್ನಿಂದ ದೂರ ದೂರ ಹೋಗುತ್ತಿರುವುದು ನನಗೆ ಕಂಡಿತು. ಎಲ್ಲಿಂದ ಧೈರ್ಯ ಬಂತೋ, ನೆಟ್ಟಗೆ ವೇದಿಕೆ ಹತ್ತಿ, "ಮಷೀನು ಖರೇನ ಹೇಳೇದರಿ. ಅಧ್ಯಕ್ಷರು ಒಂದ ಕುರ್ಚಿ ಈ ಕಡೆ ಸರೀಬೇಕು" ಎಂದೆ.

"ಇರ್ಲಿ ಬಿಡ್ರಿ ಬಾಯಾರ, ಯಾರರೆ ದೊಡ್ಡವರು ಬಂದ್ರ ಬೇಕಾಗ್ತದ," ಎಂದರು ಅಧ್ಯಕ್ಷರು, ನಮ್ಮೂರಿನ ಸಮಸ್ತ ಸೌಜನ್ಯದೊಂದಿಗೆ.

"ನೀವು ಇಲ್ಲಿ ಸಂಕೋಚ ಮಾಡಿದ್ರ ಅಲ್ಲಿ ಹಂಚಿನಮನಿ ಮಾಸ್ತರು ನಿಂತ ಇರಬೇಕಾಗ್ತದರಿ."

ಎಲ್ಲರೂ ಆ ಕಡೆ ತಿರುಗಿದರು. ಸಾಲಿನ ಕೊನೆಯಲ್ಲಿ, ಕುರ್ಚಿಯಿಲ್ಲದೆ, ಎಂದೂ ಇಸ್ತ್ರಿ ಕಾಣದ ಅಂಗಿಗೆ ಅಂದು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ ಹಂಚಿನಮನಿಯವರು ತಾವು ಬೇಕೆಂದೇ ನಿಂತವರ ಹಾಗೆ ನಗುತ್ತಿದ್ದರು. ಮಾತಾಡಿದ್ದು ನನ್ನ ಕೀಲಿಕೈಗಾಗಿ, ಆದರೆ ಆ ನಗು ನೋಡಿದ ಮೇಲೆ ಕೀಲಿಕೈ ಮರೆತುಹೋಯಿತು. ಅಧ್ಯಕ್ಷರು ಎದ್ದು, ಕುರ್ಚಿಯ ಕೊರಳಿನ ಹಾರವನ್ನು ತಾವೇ ಹಾಕಿಕೊಂಡು, ಮೊದಲನೆಯದರಲ್ಲಿ ಕೂತರು. ಸಾಲು ಪೂರ್ತಿ ಸರಿಯಿತು. ಹಂಚಿನಮನಿ ಮಾಸ್ತರರು ಕೂತರು. ವಂದನಾರ್ಪಣೆಯಲ್ಲಿ ಅವರು ತಮಗೆ ಕುರ್ಚಿ ಕೊಡಿಸಿದ ಕಂಪ್ಯೂಟರಿಗೆ ವಂದಿಸಿದರು, ನನ್ನ ಹೆಸರನ್ನು ಮಾತ್ರ ಮರೆತರು.

ಕೀಲಿಕೈ ನನಗೇ ಬಂತು. ಮುಂದೆ ಎಷ್ಟೋ ಮಧ್ಯಾಹ್ನ ಆ ಕೋಣೆಯ ಬಾಗಿಲಲ್ಲಿ ಡ್ರಿಲ್ ಮಾಸ್ತರರ ಬೂಟುಗಳೂ ಇರುತ್ತಿದ್ದವು. ಒಳಗೆ ಏನು ಕಲಿಯುತ್ತೀರೆಂದು ನಾನು ಕೇಳಲಿಲ್ಲ, ಅವರೂ ಗೊರಕೆ ಸಣ್ಣದಾಗಿಯೇ ಹೊಡೆಯುತ್ತಿದ್ದರು.

ಈಗಲೂ ಸಭೆಗಳಿಗೆ ಹೋಗುತ್ತೇನೆ. ಈಗಲೂ ಆ ಕುರ್ಚಿ ಖಾಲಿಯೇ ಇರುತ್ತದೆ. ನಾನು ಛತ್ರಿ ಎತ್ತಿ ಅದರ ಒಡೆಯರ ಕೈಗೆ ಕೊಟ್ಟು, ಧೊಪ್ಪನೆ ಅಲ್ಲಿ ಕೂಡುತ್ತೇನೆ. "ಬಾಯಾರ, ಅದು ದೊಡ್ಡವರದರಿ" ಎಂದು ಹಿಂದಿನಿಂದ ಯಾರೋ ಪಿಸುಗುಡುತ್ತಾರೆ. ನಾನು ತಿರುಗಿ, "ನೀವೂ ಒಂದೊಂದು ಮುಂದ ಸರೀರಿ" ಎನ್ನುತ್ತೇನೆ. ಗೊಣಗುತ್ತ ಸರಿಯುತ್ತಾರೆ. ಗೋಡೆಗೆ ಆತು ನಿಂತವರಲ್ಲಿ ಒಬ್ಬರು "ಉಸ್ಸಪ್ಪಾ" ಎಂದು ಕೂತ ಸಪ್ಪಳ ಕೇಳಿದ ಮೇಲೆಯೇ ನಾನು ಭಾಷಣದ ಕಡೆ ಗಮನ ಕೊಡುತ್ತೇನೆ.