ಪೇಂಟ್ ಶಾಪಿನವಳ ಕೈ

ಮತ್ತಿಗಿರಿಯ ಮೆಡಿಕಲ್ ಶಾಪಿನ ಹುಡುಗಿ ನನ್ನ ಕೈ ತಿರುಗಿಸಿ ನೋಡಿದಳು. "ಒಣ ಚರ್ಮ ಅಕ್ಕ. ನಲವತ್ತು ದಾಟೈತಲ್ಲ, ಇನ್ಮೇಲೆ ದಿನಾ ಎರಡೊತ್ತು ಹಚ್ಕೋಬೇಕು" ಎಂದು ಒಂದು ಕ್ರೀಮು ಕೊಟ್ಟಳು. ಹೇಳುವುದಕ್ಕೇನು, ಸುಲಭ.

ನನ್ನ ಕೆಲಸ ಹೊಸೂರಿನ ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ. ಬಣ್ಣ ಹೊಡೆಯುವ ಮುಂಚೆ ಬೈಕಿನ ಟ್ಯಾಂಕುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಗ್ಲೌಸು ಮಧ್ಯಾಹ್ನದೊಳಗೆ ತೂತಾಗುತ್ತದೆ. ಕೈಯಲ್ಲಿರುವ ಕ್ರೀಮು ಟ್ಯಾಂಕಿಗೆ ಎಳ್ಳಷ್ಟು ತಗುಲಿದರೂ ಅಲ್ಲಿ ಬಣ್ಣ ಕೂರದೆ ಗುಳಿ ಬೀಳುತ್ತದೆ. ಅದಕ್ಕೇ ನಾವು ಕ್ರೀಮು, ಪೌಡರು, ತಲೆಗೆ ಎಣ್ಣೆ, ಯಾವುದನ್ನೂ ಹಚ್ಚಿಕೊಂಡು ಹೋಗುವಂತಿಲ್ಲ.

"ರಜಾ ದಿನ ಹಚ್ಕೋಬೋದಾ ಸಾರ್?" ಎಂದು ಸೂಪರ್‌ವೈಸರನ್ನು ಕೇಳಿದೆ.

"ಹಚ್ಕೊಳಮ್ಮ. ಸೋಮವಾರ ಸೋಪಾಕಿ ಚೆನ್ನಾಗಿ ಉಜ್ಜಿ ತೊಳ್ಕೊಂಡ್ ಬಾ."

ಭಾನುವಾರ ಹಚ್ಚಿಕೊಂಡೆ. ಸಂಜೆ ಹೊತ್ತಿಗೆ ಬಿರುಕುಗಳು ಕೂಡಿಕೊಂಡಂತೆ ಕಂಡವು. ಕೆನ್ನೆ ಸವರಿದರೆ ಯಾವಾಗಲೂ "ಚುಚ್ತೈತಮ್ಮ" ಎಂದು ಮುಖ ತಿರುಗಿಸುವ ಮಗಳು ಅವತ್ತು ಕೆನ್ನೆ ಕೊಟ್ಟು ಕೂತಳು.

ಸೋಮವಾರ ಬೆಳಿಗ್ಗೆ ಬಟ್ಟೆ ಸೋಪು ಹಾಕಿ ಉಜ್ಜಿದೆ. ಬಿರುಕುಗಳು ಮತ್ತೆ ಬಾಯಿಬಿಟ್ಟವು. ಅವತ್ತು ಒಂದು ಟ್ಯಾಂಕಿನ ಮೇಲೂ ಗುಳಿ ಬೀಳಲಿಲ್ಲ. ಸೂಪರ್‌ವೈಸರು ಒಣಗಿದ ಬಣ್ಣದ ಮೇಲೆ ಮೆಲ್ಲಗೆ ಕೈಯಾಡಿಸಿ, "ನೈಸಾಗ್ ಬಂದೈತಮ್ಮ" ಎಂದರು.