ಹುರ್ಮತ್ ಬೀಯ ಉಸಿರಿನ ವಾಸನೆ

ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ತೀರಾ ಮಾಗಿತೆಂದರೆ ಇಡೀ ಮನೆ ಅದರ ಸಿಹಿಹುಳಿ ವಾಸನೆಯಿಂದ ತುಂಬಿಹೋಗುತ್ತದೆ, ಗೆಳೆಯರೇ. ಪೊಲೀಸ್ ಕಾರ್ಯಾಚರಣೆ ಮುಗಿದ ದಿನಗಳಲ್ಲಿ ಅಂಥದೇ ವಾಸನೆ ನಮ್ಮ ಹಿಂದಿನ ಕೋಣೆಯಿಂದ ಬರತೊಡಗಿದಾಗ ಮನೆಯಲ್ಲಿ ಒಂದು ಹಣ್ಣೂ ಇರಲಿಲ್ಲ.

ಆ ಕೋಣೆಯಲ್ಲಿದ್ದವರು ಪಕ್ಕದ ಮನೆಯ ಹುರ್ಮತ್ ಬೀ, ಆಕೆಯ ಬಾಣಂತಿ ಸೊಸೆ ಮತ್ತು ಹಸುಗೂಸು. ನಿಜಾಮನ ಕಡೆಯ ರಜಾಕಾರರ ಹಾವಳಿಯಲ್ಲಿ ನಾವು ಬಾಗಿಲಿಕ್ಕಿಕೊಂಡು ನಡುಗಿದ್ದೆವು. ಈಗ ಸೇಡಿಗೆ ಅಂಜಿ ನಡುಗುವ ಸರದಿ ಅವರದು. ಅಪ್ಪ ಅವರನ್ನು ಹಿತ್ತಲಿನಿಂದ ಕರೆತಂದು ಅಡಗಿಸಿಟ್ಟಿದ್ದ. ಜೋಳ ಕಡಿಮೆಯಿತ್ತು, ಅವ್ವ ಇದ್ದುದರಲ್ಲೇ ದಿನಾ ರೊಟ್ಟಿ ಬಡಿದು ಒಳಗೆ ಕೊಡುತ್ತಿದ್ದಳು.

ಹುರ್ಮತ್ ಬೀ ದಢೂತಿ ಹೆಂಗಸು. ಮೈಯ ಮೇದಸ್ಸನ್ನೂ ಮನಸ್ಸಿನ ಸೊಕ್ಕನ್ನೂ ‘ಕೊಬ್ಬು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವ ನಮ್ಮ ಜನ ಆಕೆಗೆ ಎರಡನ್ನೂ ಅಂಟಿಸಿದ್ದರು.

“ಬಾಳಿಹಣ್ಣು ಮುಚ್ಚಿಟ್ಕೊಂಡು ಒಬ್ಬಾಕಿನೇ ತಿನ್ನಾಕತ್ತಾಳ ನೋಡು,” ಎಂದಳು ಅಜ್ಜಿ.

ಹಾಗಾದರೆ ಆಕೆಯ ಬಳೆಗಳೇಕೆ ಮೊಣಕೈವರೆಗೆ ಜಾರುತ್ತವೆ? ತಿನ್ನುವವರು ಸೊರಗುವುದೆಂತು? ನನಗೊಂದೂ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಆಕೆ ಎಚ್ಚರ ತಪ್ಪಿ ಬಿದ್ದಳು. ಗುರುತು ಸಿಗದಿರಲೆಂದು ಅವ್ವ ತನ್ನ ಸೀರೆ ಉಡಿಸಿದಳು. ಅಪ್ಪ ಬಂಡಿ ಕಟ್ಟಿದ. ನನ್ನನ್ನೂ ಕೂರಿಸಿಕೊಂಡು ಕಲಬುರಗಿಗೆ ಹೊರಟರು. ಶರಣಬಸವೇಶ್ವರ ಗುಡಿಯ ಹತ್ತಿರದ ಡಾಕ್ಟರು ಆಕೆಯ ಮುಖದ ಮೇಲೆ ಬಾಗಿ ಮೂಸಿ ನೋಡಿದರು.

“ಈಕಿ ಭಾಳ ದಿನದಿಂದ ಉಂಡಿಲ್ಲರೀ.”

“ಮತ್ತ ಈ ಹಣ್ಣಿನ ವಾಸನಿ?” ಎಂದಳು ಅವ್ವ.

“ಹಣ್ಣಿಂದಲ್ಲ ತಾಯಿ. ಹೊಟ್ಟಿಗೆ ಕೂಳಿಲ್ಲಂದ್ರ ಮೈಯಾಗ ಕೂಡಿಟ್ಟ ಕೊಬ್ಬು ಕರಗಿ ರಕ್ತದಾಗ ಹರೀತದ. ಯಕೃತ್ತು ಅದನ್ನ ಬ್ಯಾರೆ ರೂಪಕ್ಕ ತಂದು ಮಿದುಳಿಗೆ, ಎದಿಗೆ ಉರುವಲಾಗಿ ಕಳಸ್ತದ. ಉಸಿರಿನಾಗ ಬರೋದು ಅದರದೇ ವಾಸನಿ.”

“ನಾ ದಿನಾ ರೊಟ್ಟಿ ಕೊಟ್ಟೀನಲ್ಲರೀ!”

ಹುರ್ಮತ್ ಬೀ ಕಣ್ಣು ತೆರೆದಳು. “ಬಹೂಗ ಹಾಲು ಬರಬೇಕಲ್ಲ ಅವ್ವಾ. ಬಚ್ಚಾ ಅತ್ತರ ಹೊರಗ ಕೇಳ್ತದ.”

ಕೊಬ್ಬು ಕರಗುವ ಬಗೆಯನ್ನು ಮುಂದೆ ಎಷ್ಟು ಓದಿದರೂ ನನ್ನ ಗೊಂದಲ ಮಾತ್ರ ಕರಗಿಲ್ಲ. ಅವ್ವನ ರೊಟ್ಟಿ ಸೊಸೆಯ ಹಾಲಾಗಿ, ಆ ಹಾಲು ಕೂಸಿನ ಮೌನವಾಗಿ, ಆ ಮೌನ ಅವರೊಂದಿಗೆ ನಮ್ಮನ್ನೂ ಉಳಿಸಿತ್ತು. ಯಾರು ಯಾರಿಗೆ ಆಸರೆ ಕೊಟ್ಟಿದ್ದರು?

ಡಾಕ್ಟರು ತೆಳ್ಳನೆ ಗಂಜಿ ತರಿಸಿ, ನಿಧಾನ ಕುಡಿಸಿರೆಂದರು. ಹುರ್ಮತ್ ಬೀಯ ಮನೆಯ ನೀರನ್ನೂ ಎಂದೂ ಮುಟ್ಟದಿದ್ದ ಅವ್ವ ಈಗ ಆಕೆಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಕುಡಿಸತೊಡಗಿದಳು. ಎರಡು ಗುಟುಕಿಗೇ ಆಕೆ ತುಟಿ ಮುಚ್ಚಿ, ನನ್ನ ಕಡೆ ನೋಡಿ ಕೇಳಿದಳು: “ಈ ಪೋರಿ ಉಂಡಾಳೇನು?”

“ಮೊದಲು ನೀ ಉಣ್ಣ!” ಎಂದು ಗದರಿದ ಅವ್ವ, ಗದರುತ್ತಲೇ ಅತ್ತುಬಿಟ್ಟಳು.