ಅಂಜನಮ್ಮನ ಕಡೆಗೆ ಎಳೆಯುತ್ತಿದ್ದ ಗಾಡಿ

ಚಿನ್ನಪ್ಪನಂಥ ಮೊಂಡನನ್ನು ನಾನಂತೂ ಇನ್ನೊಬ್ಬನನ್ನು ಕಂಡಿಲ್ಲ. ಪುಟ್ಟೇನಹಳ್ಳಿ ಕೆರೆ ಏರಿಯ ಪಕ್ಕ, ನನ್ನ ಟೀ ಅಂಗಡಿಯ ಎದುರಿನ ಹೊಂಗೆ ಮರದ ಕೆಳಗೆ ಅವನ ಹಳೆಯ ಫಾರ್ಗೊ ಪಿಕಪ್ ನಿಂತಿರುತ್ತಿತ್ತು. ಗಂಡ ಹೆಂಡತಿ ಅದರಲ್ಲಿ ಸೊಪ್ಪು, ತರಕಾರಿ ತುಂಬಿಕೊಂಡು ಮಡಿವಾಳದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಮಕ್ಕಳಿರಲಿಲ್ಲ. ಅವರಿಬ್ಬರು ಮತ್ತು ಆ ಗಾಡಿ, ಅಷ್ಟೇ ಸಂಸಾರ.

ಗಾಡಿಗೊಂದು ರೋಗವಿತ್ತು. ಬ್ರೇಕ್ ತುಳಿದರೆ ಎಡಕ್ಕೆ ಎಳೆಯುತ್ತಿತ್ತು. ಹಿಂದೊಮ್ಮೆ ಮುಂದಿನ ಬಲ ಚಕ್ರದ ಬ್ರೇಕ್ ಡ್ರಮ್ಮಿಗೆ, ಅಂದರೆ ಬ್ರೇಕ್ ಹಿಡಿಯುವ ಕಬ್ಬಿಣದ ಬೋಗುಣಿಗೆ, ಗೀರು ಬಿದ್ದಿತ್ತು. ಎರಡು ಕಡೆಯದನ್ನೂ ಲೇತ್‌ಗೆ ಹಾಕಿ ಒಳಮೈ ಸವೆಸಿ ಒಂದೇ ಅಳತೆ ಮಾಡಿಸು ಅಂತ ಮೆಕ್ಯಾನಿಕ್ ಬಡಕೊಂಡ. ಈ ಮಹಾನುಭಾವ ಕೇಳಬೇಕಲ್ಲ! "ಚೆನ್ನಾಗಿರೋದನ್ನ ಯಾಕೆ ಸವೆಸ್ಲಿ?" ಎಂದು ಬಲಗಡೆಯದೊಂದನ್ನೇ ಹಾಕಿಸಿದ. ಅಲ್ಲಿಂದಾಚೆಗೆ ಬಲಗಡೆ ಸಡಿಲ, ಎಡಗಡೆ ಬಿಗಿ.

ಎಡಗಡೆ ಕೂರುತ್ತಿದ್ದವಳು ಹೆಂಡತಿ ಅಂಜನಮ್ಮ. ಬ್ರೇಕ್ ಹಾಕಿದಾಗಲೆಲ್ಲ ಚಿನ್ನಪ್ಪನ ಎಡಗೈ ತಾನಾಗಿಯೇ ಅಡ್ಡ ಹೋಗಿ ಅವಳನ್ನು ತಡೆಯುತ್ತಿತ್ತು.

"ನಿನ್ ಗಾಡಿಗ್ ಬೆಂಕಿ ಹಾಕ! ಯಾವಾಗ್ ನೋಡಿದ್ರೂ ನನ್ ಕಡೀಕೇ ಎಳೀತದೆ. ಒಂದ್ ದಿನನಾದ್ರೂ ನೆಟ್ಟಗೆ ನಿಲ್ಸು," ಎಂದು ಅವಳು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು.

"ಮಾಡಿಸ್ತೀನಿ ಕಣೇ, ಮಾಡಿಸ್ತೀನಿ," ಎನ್ನುತ್ತಿದ್ದ. ಮಾಡಿಸಲಿಲ್ಲ.

ಎಂಬತ್ತೆರಡನೇ ಇಸವಿಯಲ್ಲಿ ಅವಳು ಕಾಮಾಲೆಯಿಂದ ತೀರಿಕೊಂಡಳು. ಗಾಡಿ ಮರದ ಕೆಳಗೇ ತುಕ್ಕು ಹಿಡಿಯತೊಡಗಿತು. ಸಂಜೆಯಾದರೆ ಚಿನ್ನಪ್ಪ ಬಂದು ಒಳಗೆ ಸುಮ್ಮನೆ ಕೂರುತ್ತಿದ್ದ. ನಾನು ಟೀ ಅಲ್ಲಿಗೇ ಕೊಡುತ್ತಿದ್ದೆ. ಒಂದು ದಿನ ಲೋಟ ಹಿಂದಕ್ಕೆ ಕೊಡುತ್ತಾ ಹೇಳಿದ: "ಬೈಲಪ್ಪಾ, ಇದನ್ನ ಓಡಿಸ್ಬೇಕು ಕಣೋ. ನೆಟ್ಟಗೆ ನಿಲ್ಲಿಸ್ಬೇಕು. ಅವ್ಳಿಗೆ ಮಾತ್ ಕೊಟ್ಟಿದ್ದೆ."

ಚಕ್ರ ಬಿಚ್ಚಿದರೆ ಬಲಗಡೆಯ ಡ್ರಮ್ಮು ಸೀಳಿಹೋಗಿತ್ತು. ಜೋಡಿ ಹುಡುಕಲು ಹೊರಟ. ಎಡಗಡೆಯದನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಲಾಸಿಪಾಳ್ಯದ ಗುಜರಿಗಳನ್ನೆಲ್ಲ ಸುತ್ತಿದ. ಎಲ್ಲ ಕಡೆಯೂ ಅದೇ ಉತ್ತರ: ಇಂಥ ಗಾಡಿ ಈಗೆಲ್ಲಿದೆ, ತೂಕಕ್ಕೆ ಹಾಕ್ಬಿಡಣ್ಣ. ಬೆವರು ಸುರಿಸಿಕೊಂಡು ವಾಪಸ್ ಬಂದವನನ್ನು ನೋಡಿ ನನಗೆ ರೇಗಿಹೋಯಿತು.

"ನಿಂಗೇನ್ ಬೇರೆ ಕೆಲ್ಸ ಇಲ್ವೇನಯ್ಯಾ?"

"ಇಲ್ಲ ಕಣೋ," ಎಂದ.

ನಾನು ಒಂದು ಟೀ ಬಗ್ಗಿಸಿ ಅವನ ಮುಂದಿಟ್ಟೆ.

ಸುಬ್ರಹ್ಮಣ್ಯಪುರದಲ್ಲಿ ಹಿಂದೆ ಒಂದು ಫಾರ್ಗೊ ಇತ್ತೆಂದು ಯಾರೋ ಹೇಳಿದರು. ಚೀಲ ಹೊತ್ತುಕೊಂಡು ಅಲ್ಲಿಗೂ ಹೋದ. ಗಾಡಿ ಎಂದೋ ಗುಜರಿ ಸೇರಿತ್ತು. ಆದರೆ ಆ ಮನೆಯ ಕೆಂಪಕ್ಕ ಅದರದೊಂದು ಡ್ರಮ್ಮನ್ನು ನೀರಿನ ಮಡಕೆ ಉರುಳದಂತೆ ಅಡಿಗೆ ಇಟ್ಟುಕೊಂಡಿದ್ದಳು. ಮಡಕೆ ಇಳಿಸಿ ತನ್ನದನ್ನು ಅದರ ಮೇಲೆ ಕವುಚಿದ. ಬಾಯಿಗೆ ಬಾಯಿ ಸರಿಯಾಗಿ ಕೂತಿತು.

"ತಗೊಂಡೋಗಣ್ಣ. ಆದ್ರೆ ನನ್ ಮಡಕೆಗೇನು ಮಾಡ್ಲಿ?" ಎಂದಳು ಕೆಂಪಕ್ಕ.

ಅವನ ಮನೆಯಲ್ಲಿ ಅಂಜನಮ್ಮ ಹೆಣೆದ ಹುಲ್ಲಿನ ಸಿಂಬೆಯಿತ್ತು. ಒಬ್ಬನಿಗೆ ಚೊಂಬಿನ ನೀರು ಸಾಕಾಗುತ್ತಿದ್ದರಿಂದ ಅದರ ಮೇಲೆ ಮಡಕೆ ಇಟ್ಟು ಬಹಳ ದಿನವಾಗಿತ್ತು. ವಾಪಸ್ ಬಂದು, ಅದನ್ನು ತೆಗೆದುಕೊಂಡು ಹೋಗಿ ಕೊಟ್ಟ. ಈ ಸಲ ಲೇತ್ ಅಂಗಡಿಯಲ್ಲಿ ಒಂದು ಮಾತೂ ಆಡದೆ ಎರಡನ್ನೂ ಮುಂದಿಟ್ಟನಂತೆ.

ಗಾಡಿ ಹೊರಟ ದಿನ ನಾನು ಖುಷಿಯಿಂದ ಮುಂದಿನ ಬಾಗಿಲಿಗೆ ಕೈಯಿಟ್ಟೆ.

"ಹಿಂದೆ ಹತ್ಕೊ," ಎಂದ.

ನಾನೇನು ಎಲೆಕೋಸಿನ ಮೂಟೆಯೇ? ಬೈದುಕೊಂಡೇ ಹತ್ತಿದೆ. ಜೆ.ಪಿ. ನಗರದ ಕಡೆಯ ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಗಕ್ಕನೆ ಬ್ರೇಕ್ ತುಳಿದ. ಗಾಡಿ ಒಂದಿಷ್ಟೂ ವಾಲದೆ ನೆಟ್ಟಗೆ ನಿಂತಿತು.

"ಸಖತ್ ಗುರು!" ಎಂದು ಕೂಗಿ ಕ್ಯಾಬಿನ್ ಬಡಿದೆ. ಹಿಂದಿನ ಗಾಜಿನಿಂದ ಬಗ್ಗಿ ನೋಡಿದೆ. ಅವನ ಎಡಗೈ ಖಾಲಿ ಸೀಟಿಗೆ ಅಡ್ಡವಾಗಿ ಚಾಚಿಕೊಂಡಿತ್ತು.

ಇಳಿದು ಎಡಗಡೆಯ ಬಾಗಿಲ ಹತ್ತಿರ ಹೋದೆ. ಕೈ ಇನ್ನೂ ಹಾಗೇ ಇತ್ತು.

"ನೆಟ್ಟಗೆ ನಿಂತ್ಕೊಳ್ತು ಕಣೋ ಬೈಲಪ್ಪ," ಎಂದ. "ಬೈಯೋಕೇ ಯಾರೂ ಇಲ್ಲ."

ನಾನು ಬಾಗಿಲು ತೆಗೆಯಲಿಲ್ಲ. ಮತ್ತೆ ಹೋಗಿ ಹಿಂದೆಯೇ ಹತ್ತಿಕೊಂಡೆ.